ಕ್ರಿಂಪಿಂಗ್ ಮಷಿನ್ ತಂದ ಮೇಲೆ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶೆಡ್. ಮೊದಲು ಮಿಕ್ಸಿ, ಪಂಪ್‌ಗಳಿಗೆ ವೈರ್ ಸೆಟ್ ಮಾಡಿಕೊಡುತ್ತಿದ್ದೆವು. 2021ರ ಕೊನೆಗೆ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಯೊಂದು ವೈರಿಂಗ್ ಹಾರ್ನೆಸ್, ಅಂದರೆ ಗಾಡಿಯ ವೈರುಗಳನ್ನೆಲ್ಲ ಸೇರಿಸಿ ಕಟ್ಟಿದ ಸೆಟ್, ಕೇಳಿಕೊಂಡು ಬಂತು. ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಫೇಮ್-2 ಸಬ್ಸಿಡಿ ಸಿಗಬೇಕಾದರೆ ಸ್ಕೂಟರಿನ ಹಲವು ಭಾಗಗಳು ನಮ್ಮ ದೇಶದಲ್ಲೇ ತಯಾರಾಗಬೇಕಿತ್ತು. ಆ ನಿಯಮ ಇಲ್ಲದಿದ್ದರೆ ನಮ್ಮ ಬಾಗಿಲಿಗೆ ಯಾರು ಬರುತ್ತಿದ್ದರು?

ಆರ್ಡರ್ ಹಿಡಿಯಲು ಕ್ರಿಂಪಿಂಗ್ ಮಷಿನ್ ಬೇಕಿತ್ತು. ವೈರಿನ ತುದಿಗೆ ಟರ್ಮಿನಲ್ ಅನ್ನೋ ಲೋಹದ ತುಂಡನ್ನು ಒತ್ತಿ ಕೂರಿಸುವ ಮಷಿನ್ ಅದು. ಬ್ಯಾಂಕಿನವರು ಮನೆ ಪತ್ರ ತನ್ನಿ ಅಂದರು. ಅಪ್ಪ ಒಪ್ಪಲಿಲ್ಲ. ಸಣ್ಣ ಘಟಕಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ, ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ನಿಧಿಯ ಗ್ಯಾರಂಟಿಯಲ್ಲಿ ಅಡಮಾನವಿಲ್ಲದೆ ಸಾಲ ಕೊಡಿ ಅಂತ ಮೂರು ಸಲ ಹೋಗಿ ಕೇಳಿದೆ. ಗ್ಯಾರಂಟಿ ಶುಲ್ಕ ಕಟ್ಟಬೇಕು, ನಿಜ. ಮನೆ ಉಳಿಯಿತಲ್ಲ.

ಮೊದಲ ಲಾಟ್ ಪೂರ್ತಿ ವಾಪಸ್ ಬಂತು. ಬ್ಯಾಟರಿ ಕಡೆಯ ಟರ್ಮಿನಲ್ ಬಿಸಿಯಾಗುತ್ತಿತ್ತು. ಜಾಸ್ತಿ ಒತ್ತಿದರೆ ತಾಮ್ರದ ಎಳೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಬಿಸಿಯಾಗುತ್ತದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿರುವ ಅಕ್ಕ ಒಬ್ಬರು ತುದಿ ಕೊಯ್ದು, ಲೆನ್ಸ್ ಹಿಡಿದು ಎಳೆ ಎಣಿಸಿ ತೋರಿಸಿದರು. ಮೂರು ಎಳೆ ಹೊರಗೇ ಉಳಿದಿದ್ದವು. ಅವತ್ತಿನಿಂದ ಪ್ರತಿ ಲಾಟ್‌ಗೂ ಟರ್ಮಿನಲ್ ಕಳಚುತ್ತದಾ ಅಂತ ಜಗ್ಗಿ ನೋಡುವ ಪರೀಕ್ಷೆ ತಪ್ಪಿಸಿಲ್ಲ.

ಇನ್ನೊಂದು ತೊಡಕು ಕನೆಕ್ಟರ್, ವೈರುಗಳನ್ನು ಒಂದಕ್ಕೊಂದು ಜೋಡಿಸುವ ತುಂಡು. ಅದು ಹೊರದೇಶದ್ದು. 'ಎಲ್ಲಾ ಇಲ್ಲಿಯದೇ ಅಂತ ಒಂದು ಲೆಟರ್ ಕೊಡಿ ಸರ್, ಸಾಕು' ಅಂದರು ಸ್ಕೂಟರ್ ಕಂಪನಿಯವರು. ನಾನು ಕೊಡಲಿಲ್ಲ. ಯಾವ ಭಾಗ ಎಲ್ಲಿಂದ ಬಂತು ಅಂತ ಬಿಲ್ ಸಮೇತ ಪಟ್ಟಿ ಕೊಟ್ಟೆ. ಆಮೇಲೆ ರಾಜಾಜಿನಗರದ ಅಚ್ಚು ಮಾಡುವವರ ಜೊತೆ ಕೂತು ನಾಲ್ಕು ತಿಂಗಳಲ್ಲಿ ನೈಲಾನ್ ಕನೆಕ್ಟರ್ ಮಾಡಿಸಿದೆ. ಸುಳ್ಳು ಲೆಟರ್ ಕೊಟ್ಟಿದ್ದರೆ ಈ ಅಚ್ಚು ನಮ್ಮ ಹತ್ತಿರ ಇರುತ್ತಿರಲಿಲ್ಲ.

2023ರ ಜೂನ್‌ನಲ್ಲಿ ಸ್ಕೂಟರ್ ಸಬ್ಸಿಡಿಯನ್ನು ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000ದಿಂದ 10,000 ರೂಪಾಯಿಗೆ ಇಳಿಸಿದರು. ನಮ್ಮ ಆರ್ಡರ್ ಅರ್ಧಕ್ಕೆ ಬಂತು. ಹಳೇ ಬಿಲ್ಲೂ ಐದು ತಿಂಗಳು ನಿಂತಿತು. ಸಣ್ಣ ಘಟಕದ ದುಡ್ಡು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಕಾನೂನಿನಲ್ಲೇ ಇದೆ. ಗಿರಾಕಿ ಕೈಬಿಟ್ಟಾನು ಅಂತ ಹೆದರಿ ಸುಮ್ನೆ ಇದ್ದೆ. ಕೊನೆಗೆ ಸಣ್ಣ ಘಟಕಗಳ ಬಾಕಿ ದುಡ್ಡಿನ ದೂರಿಗೆ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದೆ. ದುಡ್ಡು ಬಂತು, ಆ ಗಿರಾಕಿ ಹೋದರು.

ನನ್ನನ್ನು ಕೇಳಿದರೆ, ಕೊಳ್ಳುವವರಿಗೆ ಕೊಡುವ ಸಬ್ಸಿಡಿ ಏರಿಳಿದಾಗ ಮೊದಲು ಅಲುಗಾಡುವುದು ನಮ್ಮಂಥ ಶೆಡ್. ಎಷ್ಟು ವರ್ಷ, ಎಷ್ಟು ಇಳಿಸುತ್ತೇವೆ ಅಂತ ಮೊದಲೇ ಹೇಳಿದರೆ ನಾವೂ ಅದಕ್ಕೆ ತಕ್ಕಂತೆ ಸಾಲ ಮಾಡುತ್ತೇವೆ, ಅಲ್ವಾ?

ಈಗ ಸೋಲಾರ್ ಪಂಪ್ ಕಂಟ್ರೋಲರ್‌ಗೆ ಹಾರ್ನೆಸ್ ಮಾಡುತ್ತಿದ್ದೇವೆ. ಮಷಿನ್ ಅದೇ, ಕನೆಕ್ಟರ್ ನಮ್ಮ ಅಚ್ಚಿನದು.