ಹೆಸರಿನ ಮುಂದಿನ ‘ಡಿ’ ಮತ್ತು ನನ್ನ ಸಿಡಿಸಿ

ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಒಂದು ‘ಡಿ’ ಇದೆ. ಡಿ ಅಂದರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬೇಡ, ಬಿಡಿಸಿ ಬರೆಯಿರಿ ಅಂದರು. ಬರೆದೆ. ಅಲ್ಲಿಗೆ ಒಬ್ಬನೇ ಮನುಷ್ಯನಿಗೆ ಎರಡು ಹೆಸರಾಯಿತು. ಹಡಗು ಹತ್ತುವ ಮೊದಲು ನನ್ನ ಎರಡು ತಿಂಗಳು ತಿಂದು ಹಾಕಿದ್ದು ಈ ‘ಡಿ’.

ನಮ್ಮದು ತದಡಿ ಕಡೆ. ಅಪ್ಪ ಮೀನಿನ ಬೋಟಿನಲ್ಲಿ ತಾಂಡೇಲ. ಮರ್ಚಂಟ್ ನೇವಿಗೆ ಹೋಗ್ತೀನಿ, ಇಷ್ಟೆಲ್ಲ ಸರ್ಟಿಫಿಕೇಟ್ ಬೇಕು ಅಂದಾಗ ಅವರಿಗೆ ನಗು. “ಮೂವತ್ತು ವರ್ಷ ಬೋಟ್ ನಡೆಸಿದೆ ಮಾರಾಯ, ಒಬ್ಬನೂ ಒಂದು ಚೀಟಿ ಕೇಳಲಿಲ್ಲ” ಅಂದರು. ನಿಜ. ಆದರೆ ಹಡಗು ಇವತ್ತು ಪನಾಮಾ ಬಾವುಟದ್ದು, ನಾಳೆ ಲೈಬೀರಿಯಾದ್ದು, ನಿಲ್ಲುವುದು ಇನ್ಯಾವುದೋ ದೇಶದ ಬಂದರಿನಲ್ಲಿ. ಅಲ್ಲಿ ಇನ್‌ಸ್ಪೆಕ್ಷನ್‌ಗೆ ಹತ್ತಿ ಬರುವವನಿಗೆ ನಾನು ಯಾರ ಮಗ ಅನ್ನುವುದು ಗೊತ್ತಿಲ್ಲ. ಅದಕ್ಕೇ 1978ರಲ್ಲಿ ಎಸ್‌ಟಿಸಿಡಬ್ಲ್ಯು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಯಾವ ಕೆಲಸಕ್ಕೆ ಯಾವ ತರಬೇತಿ, ಎಷ್ಟು ದಿನದ ಅನುಭವ ಅನ್ನುವುದೆಲ್ಲ ಅದರಲ್ಲಿದೆ. 2010ರಲ್ಲಿ ಮನಿಲಾದಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಭಾರತದಲ್ಲಿ ಇದನ್ನೆಲ್ಲ 1958ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿ.ಜಿ. ಶಿಪ್ಪಿಂಗ್ ನಡೆಸಿಕೊಂಡು ಬಂತು. ಆ ಹಳೇ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸದನ್ನು ಪಾಸು ಮಾಡಿದೆ. ಆದರೆ ಹೊಸ ಹುಡುಗ ಕೈಯಲ್ಲಿ ಹಿಡಿಯಬೇಕಾದ ಫೈಲು ಏನೂ ತೆಳ್ಳಗಾಗಿಲ್ಲ.

ನಾನು ಮಾಡಿದ್ದು ಜಿ.ಪಿ. ರೇಟಿಂಗ್ ಕೋರ್ಸು, ಅಂದರೆ ಆಫೀಸರ್ ಅಲ್ಲ, ಹಡಗಿನ ಖಲಾಸಿ ಕೆಲಸದ್ದು; ಆರು ತಿಂಗಳದ್ದು. ಫೀಸು ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಅದೂ ಡಿ.ಜಿ. ಶಿಪ್ಪಿಂಗ್ ಒಪ್ಪಿದ ಡಾಕ್ಟರ ಹತ್ತಿರವೇ. ಊರಿನ ಡಾಕ್ಟರ ಚೀಟಿ ನಡೆಯುವುದಿಲ್ಲ. ನಮ್ಮೂರಿನ ಒಬ್ಬ ಹುಡುಗ ಅಡ್ವಾನ್ಸ್ ಕಟ್ಟಿ, ಯೂನಿಫಾರ್ಮ್ ಹೊಲಿಸಿ, ಆಮೇಲೆ ಕಣ್ಣಿನ ಪರೀಕ್ಷೆಗೆ ಹೋದ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಹುಡುಕುವ ಪುಸ್ತಕ ಇರುತ್ತದಲ್ವಾ, ಅದರಲ್ಲಿ ಅವನಿಗೆ ಬರೀ ಚುಕ್ಕಿ ಕಂಡವು. ಅಲ್ಲಿಯವರೆಗೆ ಅವನಿಗೂ ಗೊತ್ತಿರಲಿಲ್ಲ. ಕೇಳಿ ನಮಗೆಲ್ಲ ಹೊಟ್ಟೆ ಉರಿಯಿತು. ಆಮೇಲೆ ಹಡಗಿನಲ್ಲಿ ರಾತ್ರಿ ವಾಚ್‌ನಲ್ಲಿ, ಅಂದರೆ ಕಾವಲಿಗೆ ನಿಂತಾಗ ಅರ್ಥವಾಯಿತು. ಕತ್ತಲಲ್ಲಿ ಎದುರು ಹಡಗಿನ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ಅದು ಯಾವ ಕಡೆ ಹೊರಟಿದೆ ಅಂತ ಗೊತ್ತಾಗುವುದೇ ಆ ಎರಡು ಚುಕ್ಕಿಯಿಂದ.

ಕೋರ್ಸಿಗೆ ಮೊದಲು ಇಂಡೋಸ್ ನಂಬರ್ ತೆಗೆಸಬೇಕು. ಭಾರತದ ನಾವಿಕರ ಪಟ್ಟಿಯಲ್ಲಿ ನಮ್ಮ ನಂಬರು ಅದು, ಜೀವನಪೂರ್ತಿ ಅದೇ. ಅದಿಲ್ಲದೆ ಯಾವ ಕೋರ್ಸಿಗೂ ಸೇರಿಸಿಕೊಳ್ಳುವುದಿಲ್ಲ. ನಾನು ಇಂಡೋಸಿಗೆ ಪಾಸ್‌ಪೋರ್ಟಿನ ಹೆಸರು ಕೊಟ್ಟೆ. ಅಡ್ಮಿಷನ್ ಫಾರಂನಲ್ಲಿ ಮಾರ್ಕ್ಸ್ ಕಾರ್ಡ್ ನೋಡಿ ‘ಡಿ’ ಬರೆದೆ. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ.

ಕೋರ್ಸಿನಲ್ಲಿ ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಸೆಕ್ಯುರಿಟಿ ಎಲ್ಲ ಬರುತ್ತದೆ. ಈಜು ನನಗೇನು ಹೊಸದಲ್ಲ ಅಂತ ಸ್ವಲ್ಪ ಕೊಬ್ಬೂ ಇತ್ತು. ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ಹಾರುವ ದಿನ, ಊರಿನ ಧಕ್ಕೆಯಿಂದ ಹಾರುವ ಹಾಗೆ ಕೈ ಬಿಟ್ಟು ಹಾರಿದೆ. ನೀರು ತಾಗಿದ ತಕ್ಷಣ ಜಾಕೆಟ್ ಮೇಲಕ್ಕೆ ಬಂದು ಗದ್ದಕ್ಕೆ ಗುದ್ದಿತು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದು ಕೈಯಲ್ಲಿ ಜಾಕೆಟನ್ನು ಎದೆಗೆ ಒತ್ತಿ ಹಿಡಿದು, ನೆಟ್ಟಗೆ ಕಾಲು ಕೆಳಗೆ ಮಾಡಿ ಇಳಿಯಬೇಕು. ಮೂರು ದಿನ ಬರೀ ಗಂಜಿ ಕುಡಿದೆ. ಈ ತರಬೇತಿ ಮತ್ತು ಬೆಂಕಿಯ ತರಬೇತಿ ಎರಡನ್ನೂ ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಪ್ರತಿ ಸಲ ಹಾರುವಾಗಲೂ ನಾಲಿಗೆ ತಾನಾಗಿ ಒಳಗೆ ಹೋಗುತ್ತದೆ.

ಎಕ್ಸಿಟ್ ಪರೀಕ್ಷೆ ಪಾಸಾಗಿ ಸಿಡಿಸಿಗೆ ಅರ್ಜಿ ಹಾಕಿದೆ. ಸಿಡಿಸಿ ಅಂದರೆ ನಾವಿಕನ ಪುಸ್ತಕ, ನೋಡಲು ಪಾಸ್‌ಪೋರ್ಟಿನ ತಮ್ಮನ ಹಾಗೆ. ಯಾವ ಹಡಗು, ಯಾವತ್ತು ಹತ್ತಿದೆ, ಯಾವತ್ತು ಇಳಿದೆ ಎಲ್ಲ ಅದರಲ್ಲಿ ಬರೆದು ಕ್ಯಾಪ್ಟನ್ ಸೀಲು ಹಾಕುತ್ತಾರೆ. ಅರ್ಜಿ ವಾಪಸ್ ಬಂತು. ಹೆಸರು ತಾಳೆಯಾಗುತ್ತಿಲ್ಲ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಎಲ್ಲಾ ಸರ್ಟಿಫಿಕೇಟ್ ತಿದ್ದಿಸಿ ತರಲು ಎರಡು ತಿಂಗಳು. ಬ್ಯಾಚಿನವರು ಆಗಲೇ ಸಿಂಗಾಪುರ ದಾಟಿದ್ದರು. ನಮ್ಮ ಕಡೆ ಎಲ್ಲರ ಹೆಸರಿಗೂ ಇನಿಶಿಯಲ್ ಇರುವುದರಿಂದ ಇದನ್ನು ಇಷ್ಟುದ್ದ ಬರೆಯುತ್ತಿದ್ದೇನೆ. ಮೊದಲು ಪಾಸ್‌ಪೋರ್ಟ್, ಆಮೇಲೆ ಎಲ್ಲ ಕಡೆ ಅಕ್ಷರ ಅಕ್ಷರ ಅದರ ಪ್ರಕಾರವೇ.

ಆ ಎರಡು ತಿಂಗಳಲ್ಲೇ ಒಬ್ಬ ಏಜೆಂಟ್ ಗಂಟು ಬಿದ್ದ. ಮೂರು ಲಕ್ಷ ಕೊಡು, ಮುಂದಿನ ವಾರ ಹಡಗು ಅಂದ. ಅಪ್ಪ ಸೊಸೈಟಿಯಲ್ಲಿ ಸಾಲ ಕೇಳಲು ಹೊರಟೇಬಿಟ್ಟಿದ್ದರು. ತಡೆದದ್ದು ಕೋರ್ಸಿನ ಒಬ್ಬ ಮೇಷ್ಟ್ರು. ಕೆಲಸ ಕೊಡಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಇರಬೇಕು, ಅದರ ನಂಬರನ್ನು ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ. ನಾವಿಕರ ಹಕ್ಕಿನ ಒಪ್ಪಂದ ಎಂಎಲ್‌ಸಿ 2006ರ ಪ್ರಕಾರ ಕೆಲಸಕ್ಕೆ ಸೇರಿಸುವಾಗ ಅವನ ತಲೆಗೆ ಬರಬಹುದಾದ ಖರ್ಚು ಮೂರೇ: ಮೆಡಿಕಲ್, ಸಿಡಿಸಿ, ಪಾಸ್‌ಪೋರ್ಟ್. ವೀಸಾ ಖರ್ಚೂ ಹಡಗಿನವರದ್ದೇ. ಲೈಸೆನ್ಸ್ ನಂಬರ್ ಕೇಳಿದ್ದೇ ತಡ, ಏಜೆಂಟ್ ಫೋನ್ ಎತ್ತುವುದು ಬಿಟ್ಟ.

ಹಡಗು ಹತ್ತಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ವಾಚ್ ಮಾಡುವ ಸರ್ಟಿಫಿಕೇಟಿಗೆ ನನಗೆ ಆರು ತಿಂಗಳ ಸೀ ಟೈಮ್, ಅಂದರೆ ಹಡಗಿನಲ್ಲಿ ಕೆಲಸ ಮಾಡಿದ ದಿನಗಳ ಲೆಕ್ಕ, ಬೇಕಿತ್ತು. ನನ್ನ ಮೊದಲ ಹಡಗು ಮುದುಕಿ. ಐದು ತಿಂಗಳು ಇಪ್ಪತ್ತಾರು ದಿನಕ್ಕೆ ಅದನ್ನು ಒಡೆಯಲು ಗುಜರಾತಿನ ಅಲಂಗ್‌ಗೆ ಕಳಿಸಿದರು. ನಾಲ್ಕು ದಿನ ಕಮ್ಮಿ! ಚುಕ್ಕಾಣಿ ಹಿಡಿದದ್ದಕ್ಕೆ ಚೀಫ್ ಆಫೀಸರ್ ಟ್ರೈನಿಂಗ್ ಬುಕ್ಕಿನಲ್ಲಿ ಸಹಿ ಮಾಡಿದ್ದರು. ಏನುಪಯೋಗ, ದಿನ ದಿನವೇ. ಇನ್ನೊಂದು ಹಡಗು ಹತ್ತಿದೆ.

ಕೊನೆಗೆ ಬಂದದ್ದು ಬಿಎಸ್‌ಐಡಿ, ಬೆರಳಚ್ಚು ಇರುವ ಗುರುತಿನ ಕಾರ್ಡು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 185ನೇ ಒಪ್ಪಂದದ್ದು. ಭಾರತ ಅದನ್ನು 2015ರಲ್ಲಿ ಒಪ್ಪಿತು. ಮುಂಬೈಗೆ ಓಡಬೇಕಾಗಿಲ್ಲ, ನವಮಂಗಳೂರಿನಲ್ಲೇ ಸೆಂಟರ್ ಇದೆ. ಅಪ್ಪನೂ ಬಸ್ಸಿನಲ್ಲಿ ಜೊತೆಗೆ ಬಂದರು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟೆ, ತೆಗೆದುಕೊಳ್ಳಲಿಲ್ಲ. ಹಗ್ಗ ಎಳೆದು, ತುಕ್ಕು ಕೆರೆದು ಗೆರೆಗಳೆಲ್ಲ ಸವೆದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟೆ, ಇಲ್ಲ. ಅಲ್ಲಿದ್ದವರು ಬೆರಳನ್ನು ಮೆಲ್ಲಗೆ ಒತ್ತಿ ಹಿಡಿದ ಮೇಲೆ ಮೂರನೇ ಸಲಕ್ಕೆ ಬಂತು. “ಹೆಸರು ಸರಿ ಇದೆಯಾ ನೋಡಿ” ಅಂತ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಹಿಂದಿನಿಂದ ಅಪ್ಪ ಬಗ್ಗಿ, ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು.