ಸ್ಕೇಲ್ ಮಾಡೆಲ್ ಸಮ್ಮೇಳನ: ತಯಾರಿಯಿಂದ ತೀರ್ಪಿನವರೆಗೆ

ವಿಮಾನ, ಟ್ಯಾಂಕ್, ಹಡಗು, ಕಾರು, ರೈಲುಗಳನ್ನು ನಿಜವಾದ ಅಳತೆಯಿಂದ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮೇಜಿನ ಮೇಲೆ ಕಟ್ಟುವ ಹವ್ಯಾಸವನ್ನು ಬಳ್ಳಾರಿ, ರಾಯಚೂರು, ಕೊಪ್ಪಳದಂತಹ ಊರುಗಳಲ್ಲಿ ಬೆಳೆಸಿಕೊಂಡವರು ಸಾಮಾನ್ಯವಾಗಿ ಒಬ್ಬಂಟಿಯಾಗಿಯೇ ಕೆಲಸ ಮಾಡುತ್ತಾರೆ. ಬಿಡಿ ಭಾಗಗಳ ಪೆಟ್ಟಿಗೆಯಾದ ಕಿಟ್ ಅಂಚೆಯಲ್ಲಿ ಬರುತ್ತದೆ, ಪಾಠ ವಿಡಿಯೊದಿಂದ ಸಿಗುತ್ತದೆ, ಮುಗಿದ ಮಾದರಿ ಗಾಜಿನ ಕಪಾಟು ಸೇರುತ್ತದೆ. ಇಷ್ಟರಲ್ಲಿಯೇ ಸಂತೋಷವಿದ್ದರೂ ಒಂದು ಕೊರತೆ ಉಳಿಯುತ್ತದೆ: ತಿಂಗಳುಗಟ್ಟಲೆ ಕಣ್ಣ ಮುಂದೆಯೇ ಇದ್ದ ವಸ್ತುವಿನ ಲೋಪ ಅದನ್ನು ಕಟ್ಟಿದವರ ಕಣ್ಣಿಗೆ ಬೀಳುವುದಿಲ್ಲ. ಆ ಲೋಪವನ್ನು ನೋಡಬಲ್ಲ ಪಳಗಿದ ಕಣ್ಣುಗಳು ಒಂದೆಡೆ ಸೇರುವ ಸ್ಥಳವೇ ಸಮ್ಮೇಳನ; ಅಲ್ಲಿ ಮಾದರಿಗಳ ಪ್ರದರ್ಶನದ ಜೊತೆಗೆ ಸ್ಪರ್ಧೆಯೂ ನಡೆಯುತ್ತದೆ.

ಈ ಹವ್ಯಾಸದವರ ಸಂಘವಾದ ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ, ಅಂದರೆ ಐಪಿಎಂಎಸ್, 1963ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಇಂದು ಭಾರತವೂ ಸೇರಿ ಹಲವು ದೇಶಗಳಲ್ಲಿ ಅದರ ಶಾಖೆಗಳಿವೆ. ಬ್ರಿಟನ್ನಿನ ಟೆಲ್ಫರ್ಡ್‌ನಲ್ಲಿ ನವೆಂಬರ್ ತಿಂಗಳಲ್ಲಿ, ಜಪಾನಿನ ಶಿಜುಯೊಕಾದಲ್ಲಿ ಮೇ ತಿಂಗಳಲ್ಲಿ ನಡೆಯುವ ಮೇಳಗಳು ಜಗತ್ತಿನ ದೊಡ್ಡ ಮೇಳಗಳಲ್ಲಿ ಸೇರಿವೆ. ನಮ್ಮ ದೇಶದ ನಗರಗಳಲ್ಲಿ ನಡೆಯುವ ಪ್ರದರ್ಶನಗಳು ಅವುಗಳಿಗಿಂತ ಚಿಕ್ಕವು, ಆದರೆ ಅವುಗಳಿಗೆ ತಯಾರಾಗುವ ಕ್ರಮದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಮೊದಲ ಹೆಜ್ಜೆ: ನಿಯಮಾವಳಿಯನ್ನು ಓದುವುದು

ಕಿಟ್‌ನ ಪೆಟ್ಟಿಗೆ ತೆರೆಯುವ ಮೊದಲೇ ನೀವು ಹೋಗಬೇಕೆಂದಿರುವ ಸ್ಪರ್ಧೆಯ ನಿಯಮಗಳನ್ನು ತರಿಸಿಕೊಂಡು ಪೂರ್ತಿ ಓದಬೇಕು. ಸ್ಪರ್ಧೆಗಳಲ್ಲಿ ವಿಭಾಗಗಳನ್ನು ವಸ್ತು ಮತ್ತು ಪ್ರಮಾಣದ ಮೇಲೆ ಮಾಡಿರುತ್ತಾರೆ. ವಿಮಾನಗಳಿಗೆ 1/72 (ನಿಜವಾದ ಅಳತೆಯ ಎಪ್ಪತ್ತೆರಡನೆಯ ಒಂದು ಭಾಗ), 1/48 ಮತ್ತು 1/32, ಸೇನಾ ವಾಹನಗಳಿಗೆ 1/35, ಕಾರುಗಳಿಗೆ 1/24, ಹಡಗುಗಳಿಗೆ 1/350 ಮತ್ತು 1/700 ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು. ಮಿಗ್-21 ಯುದ್ಧವಿಮಾನದ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 7.15 ಮೀಟರ್, ಅದು 1/72ರಲ್ಲಿ ಹತ್ತು ಸೆಂಟಿಮೀಟರಿಗೆ ತುಸು ಕಡಿಮೆ, 1/48ರಲ್ಲಿ ಹದಿನೈದು ಸೆಂಟಿಮೀಟರಿಗೆ ತುಸು ಕಡಿಮೆ ಇರುತ್ತದೆ.

ಬಹುಮಾನ ಕೊಡುವ ಪದ್ಧತಿ ಎರಡು ಬಗೆಯದು. ಒಂದರಲ್ಲಿ ಒಂದೇ ವಿಭಾಗದ ಮಾದರಿಗಳನ್ನು ಪರಸ್ಪರ ಹೋಲಿಸಿ ಮೊದಲ ಮೂರು ಸ್ಥಾನಗಳನ್ನು ಆರಿಸುತ್ತಾರೆ. ಇನ್ನೊಂದರಲ್ಲಿ ಪ್ರತಿ ಮಾದರಿಯನ್ನು ನಿಗದಿತ ಮಟ್ಟಕ್ಕೆ ಹಿಡಿದು ನೋಡಿ, ಆ ಮಟ್ಟ ಮುಟ್ಟಿದ ಎಲ್ಲರಿಗೂ ಚಿನ್ನ, ಬೆಳ್ಳಿ ಅಥವಾ ಕಂಚು ಕೊಡುತ್ತಾರೆ. ಇದಲ್ಲದೆ ಕಿಟ್‌ನಲ್ಲಿ ಬಂದ ಭಾಗಗಳನ್ನು ಮಾತ್ರ ಬಳಸಿ ಕಟ್ಟಿದ ಮಾದರಿಗಳಿಗೆ ಹಲವು ಕಡೆ ಪ್ರತ್ಯೇಕ ವಿಭಾಗವಿರುತ್ತದೆ. ಅದಕ್ಕೆ ಕಿಟ್‌ನ ಸೂಚನಾ ಪತ್ರವನ್ನೂ ಜೊತೆಗಿಡಬೇಕಾಗಬಹುದು. ಮೊದಲ ಸಲ ಹೋಗುವವರು ಈ ವಿಭಾಗವನ್ನೇ ಆರಿಸಿಕೊಳ್ಳುವುದು ಲೇಸೆಂದು ನನ್ನ ಖಚಿತ ಅಭಿಪ್ರಾಯ. ಬೇರೆಯಾಗಿ ಕೊಳ್ಳಬೇಕಾದ ದುಬಾರಿ ಹಿತ್ತಾಳೆ, ರೆಸಿನ್ (ಅಚ್ಚಿಗೆ ಎರೆದ ರಾಳ) ಭಾಗಗಳ ಹಿಂದೆ ಓಡದೆ, ತೀರ್ಪುಗಾರರು ಮೊದಲು ನೋಡುವ ಮೂಲ ಕೆಲಸದ ಮೇಲೆ ಗಮನ ನೆಡಲು ಅದು ಅವಕಾಶ ಕೊಡುತ್ತದೆ.

ಎರಡನೆಯ ಹೆಜ್ಜೆ: ವಸ್ತುವಿನ ಆಯ್ಕೆ

ಎಲ್ಲರೂ ತರುವ ಎರಡನೆಯ ಮಹಾಯುದ್ಧದ ವಿಮಾನ, ಟ್ಯಾಂಕುಗಳನ್ನೇ ನೀವೂ ತಂದರೆ ತಪ್ಪೇನಿಲ್ಲ. ಆದರೆ ನಿತ್ಯ ಕಣ್ಣಿಗೆ ಬೀಳುವ ವಸ್ತುವನ್ನು ಕಟ್ಟುವವರಿಗೆ ಪುಸ್ತಕದಲ್ಲಿ ಸಿಗದ ಅನುಕೂಲವಿದೆ. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆ ಅದಿರು ಹೊತ್ತು ಸಾಗುವ ಬಾಕ್ಸ್‌ಎನ್ ವ್ಯಾಗನ್‌ಗಳನ್ನೇ ತೆಗೆದುಕೊಳ್ಳಿ. ಒಂದು ವ್ಯಾಗನ್ನಿನ ಉದ್ದ ಅದರ ಎರಡು ತುದಿಯ ಜೋಡಣೆಯ ಕೊಂಡಿಗಳಾದ ಕಪ್ಲರ್‌ನಿಂದ ಕಪ್ಲರ್‌ಗೆ 10,713 ಮಿಲಿಮೀಟರ್. ಎಚ್‌ಒ ಎಂದು ಕರೆಯುವ 1/87 ಪ್ರಮಾಣದಲ್ಲಿ ಅದು ಸುಮಾರು 12.3 ಸೆಂಟಿಮೀಟರ್ ಆಗುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಇಂತಹ ವ್ಯಾಗನ್ ಕಟ್ಟುವುದು ಕಷ್ಟವಾದರೂ ಅಸಾಧ್ಯವಲ್ಲ, ಮತ್ತು ಅದಿರಿನ ಕೆಂಧೂಳು ವ್ಯಾಗನ್ನಿನ ಯಾವ ಮೂಲೆಯಲ್ಲಿ ದಟ್ಟವಾಗಿ ಕೂರುತ್ತದೆ, ಮಳೆ ಬಂದಾಗ ಯಾವ ಗೆರೆಯಲ್ಲಿ ಇಳಿಯುತ್ತದೆ ಎಂಬುದನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಧೂಳನ್ನೇ ತಂದು ಮಾದರಿಯ ಮೇಲೆ ಉದುರಿಸುವ ಆಸೆ ಸಹಜ. ಆದರೆ ಕಣದ ಗಾತ್ರವನ್ನು ಲೆಕ್ಕ ಹಾಕಬೇಕು. ಅರ್ಧ ಮಿಲಿಮೀಟರಿನ ಒಂದು ಮರಳ ಕಣ 1/87ರಲ್ಲಿ ನಾಲ್ಕು ಸೆಂಟಿಮೀಟರಿಗೂ ಮೀರಿದ ಕಲ್ಲಾಗಿ ಕಾಣುತ್ತದೆ. ಆದ್ದರಿಂದ ಧೂಳನ್ನು ಕುಟ್ಟಿ, ವಸ್ತ್ರಗಾಳಿತ ಮಾಡಿ, ಮೃದುವಾದ ಕುಂಚದಿಂದ ತೆಳುವಾಗಿ ಹಚ್ಚಬೇಕು. ನೋಡಿ ಗುರುತಿಟ್ಟುಕೊಂಡ ಬಣ್ಣ, ಕಲೆ, ತುಕ್ಕುಗಳ ಚಿತ್ರಗಳನ್ನು ಒಂದು ಹಾಳೆಯಲ್ಲಿ ಜೋಡಿಸಿಟ್ಟುಕೊಂಡರೆ ಮುಂದೆ ಮಾದರಿಯ ಪಕ್ಕದಲ್ಲಿಡಲು ಆಧಾರವಾಗುತ್ತದೆ. ಛಾಯಾಚಿತ್ರಕ್ಕೆ ಅನುಮತಿ ಬೇಕಾದ ಸ್ಥಳಗಳಲ್ಲಿ ಅದನ್ನು ಪಡೆದ ನಂತರವೇ ಕ್ಯಾಮೆರಾ ತೆಗೆಯಬೇಕು.

ಮೂರನೆಯ ಹೆಜ್ಜೆ: ತೀರ್ಪುಗಾರರ ಕಣ್ಣಿನಿಂದ ಕಟ್ಟುವುದು

ಸ್ಪರ್ಧೆಯ ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ತೀರ್ಪುಗಾರರು ಕೈಯಲ್ಲಿ ಸಣ್ಣ ಟಾರ್ಚ್ ಹಿಡಿದು ಮೊದಲು ಹುಡುಕುವುದು ಮೂಲ ಲೋಪಗಳನ್ನು: ಎರಡು ಭಾಗ ಕೂಡಿದ ಗೆರೆ ಕಾಣುತ್ತಿದೆಯೇ, ಅಚ್ಚಿನ ಸೂಜಿ ಒತ್ತಿದ ವೃತ್ತಾಕಾರದ ಗುರುತುಗಳು ಉಳಿದಿವೆಯೇ, ಅಂಟು ಹೊರಚೆಲ್ಲಿದೆಯೇ, ಭಾಗಗಳು ನೇರವಾಗಿ ನಿಂತಿವೆಯೇ. ಈ ಪರೀಕ್ಷೆಯಲ್ಲಿ ಸಮನಾಗಿ ನಿಂತ ಮಾದರಿಗಳ ನಡುವೆ ಆಯ್ಕೆ ಮಾಡಬೇಕಾದಾಗ ಮಾತ್ರ ಹೆಚ್ಚುವರಿ ಕುಸುರಿ ಕೆಲಸ ಲೆಕ್ಕಕ್ಕೆ ಬರುತ್ತದೆ. ನೂರು ಸೂಕ್ಷ್ಮ ಭಾಗಗಳನ್ನು ಸೇರಿಸಿದ, ಆದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ತಗ್ಗಿದ ವಿಮಾನ ಸರಳವಾದರೂ ನೇರವಾಗಿ ನಿಂತ ವಿಮಾನದ ಮುಂದೆ ಸೋಲುತ್ತದೆ, ಸೋಲಲೂ ಬೇಕು.

ಪ್ರಮಾಣದ ಲೆಕ್ಕವನ್ನು ಇಲ್ಲಿಯೂ ಮನಸ್ಸಿನಲ್ಲಿಡಬೇಕು. ಅರ್ಧ ಮಿಲಿಮೀಟರಿನ ಬಿರುಕು 1/72ರ ವಿಮಾನದಲ್ಲಿ 36 ಮಿಲಿಮೀಟರಿನ ಬಿರುಕಿಗೆ ಸಮ. ಅಂತಹ ಬಿರುಕಿರುವ ವಿಮಾನವನ್ನು ಯಾರೂ ಹಾರಿಸುವುದಿಲ್ಲ. ಕಿಟ್‌ನ ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲವಾದರೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಬಣ್ಣ ಹಿಡಿಯಗೊಡುವುದಿಲ್ಲ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಭಾಗಗಳಿಗೆ ದ್ರವ ಸಿಮೆಂಟ್ ಎಂದು ಕರೆಯುವ ತೆಳುವಾದ ಅಂಟು ಉತ್ತಮ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಉಳಿದ ಸಂದನ್ನು ಪುಟ್ಟಿಯಿಂದ ತುಂಬಿ, ಪೂರ್ತಿ ಒಣಗಿದ ಮೇಲೆ 400, 600, 1000 ನಂಬರಿನ ವಾಟರ್ ಪೇಪರ್‌ಗಳಿಂದ ಕ್ರಮವಾಗಿ ನೀರು ಹಚ್ಚಿ ಉಜ್ಜಬೇಕು. ವಾಹನಗಳಿಗೆ ಬಣ್ಣ ಹೊಡೆಯುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಇವು ದೊರೆಯುತ್ತವೆ. ಬಣ್ಣಕ್ಕೆ ಮೊದಲಿನ ತಳಪದರವಾದ ಬೂದು ಪ್ರೈಮರ್ ಹೊಡೆದ ಕೂಡಲೇ ಕಣ್ಣಿಗೆ ತಪ್ಪಿದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಅವುಗಳನ್ನು ಮತ್ತೆ ತುಂಬಿ, ಮತ್ತೆ ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳ ಕೀಲುಗಳನ್ನು ಹುಣಸೆ ಬೀಜದ ಅಂಟು ಬೆರೆಸಿದ ಲೇಪದಿಂದ ಮುಚ್ಚಿ, ನುಣುಪುಗೊಳಿಸಿ, ಅದರ ಮೇಲೆ ಬಣ್ಣ ಹಚ್ಚುವ ಕ್ರಮವೂ ಇದೇ. ಸಾಧ್ಯವಾದರೆ ಒಮ್ಮೆ ಅಲ್ಲಿಗೆ ಹೋಗಿ, ಬಣ್ಣಕ್ಕೆ ಮೊದಲಿನ ಆ ಕೆಲಸಕ್ಕೆ ಅವರು ಎಷ್ಟು ಸಮಯ ಕೊಡುತ್ತಾರೆಂದು ನೋಡಿ ಬನ್ನಿ.

ವಿಮಾನವಾದರೆ ಅದನ್ನು ಮುಂದಿನಿಂದಲೂ ಹಿಂದಿನಿಂದಲೂ ಕಣ್ಣಿನ ಮಟ್ಟಕ್ಕೆ ಹಿಡಿದು, ರೆಕ್ಕೆ, ಬಾಲ, ಚಕ್ರಗಳ ಸಮತೋಲವನ್ನು ಅಂಟು ಒಣಗುವ ಮೊದಲೇ ಸರಿಪಡಿಸಬೇಕು. ಟ್ಯಾಂಕ್ ಆದರೆ ಎಲ್ಲ ಚಕ್ರಗಳೂ ನೆಲ ಮುಟ್ಟಿರಬೇಕು, ಫಿರಂಗಿಯ ಬಾಯಿ ಕೊರೆದಿರಬೇಕು. ಕಾರಿನಲ್ಲಿ ಬಣ್ಣದ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗದೆ ಕನ್ನಡಿಯಂತಿರಬೇಕು. ಸೂಪರ್ ಗ್ಲೂ ಆವಿ ಪಾರದರ್ಶಕ ಭಾಗಗಳ ಮೇಲೆ ಬಿಳಿ ಮಬ್ಬು ಕೂರಿಸುವುದರಿಂದ ಕಾಕ್‌ಪಿಟ್‌ನ ಗಾಜನ್ನು ಫೆವಿಕಾಲ್‌ನಂತಹ ಬಿಳಿ ಅಂಟಿನಿಂದ ಕೂರಿಸುವುದು ಕ್ಷೇಮ.

ನಮ್ಮ ಕಡೆಯ ಹವೆಯ ವಿಚಾರ ವಿದೇಶದ ಕೈಪಿಡಿಗಳಲ್ಲಿ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಸೆಕೆಯಲ್ಲಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊರಟ ಅಕ್ರಿಲಿಕ್ ಬಣ್ಣದ ಹನಿಗಳು ಮಾದರಿಯನ್ನು ಮುಟ್ಟುವಷ್ಟರಲ್ಲಿ ಅರ್ಧ ಒಣಗಿ, ಮೇಲ್ಮೈಯನ್ನು ಮರಳಿನಂತೆ ತರಿತರಿಯಾಗಿಸುತ್ತವೆ. ಏರ್‌ಬ್ರಷ್‌ನ ಸೂಜಿಯ ತುದಿಯಲ್ಲಿಯೂ ಬಣ್ಣ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಣ್ಣಕ್ಕೆ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಕೆಲವು ಹನಿ ಬೆರೆಸುವುದು, ಗಾಳಿಯ ಒತ್ತಡ ತಗ್ಗಿಸಿ ಹತ್ತಿರದಿಂದ ಹೊಡೆಯುವುದು, ಮತ್ತು ಈ ಕೆಲಸವನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸುವುದು ಇದಕ್ಕೆ ಪರಿಹಾರ. ಮಧ್ಯಾಹ್ನದ ಬಿರುಗಾಳಿಯ ಧೂಳು ಹಸಿ ಬಣ್ಣಕ್ಕೆ ಶತ್ರು. ನೆಲಕ್ಕೆ ನೀರು ಚಿಮುಕಿಸಿ, ಬಣ್ಣ ಹೊಡೆದ ಭಾಗವನ್ನು ತಕ್ಷಣ ಮುಚ್ಚಳವಿರುವ ಡಬ್ಬಿಯೊಳಗಿಡಬೇಕು. ಥಿನ್ನರ್ ಬಳಸುವಾಗ ಮುಖಗವಸು, ತೆರೆದ ಕಿಟಕಿ ಎರಡೂ ಇರಲೇಬೇಕು, ಅಡುಗೆಯ ಒಲೆ ದೂರವಿರಬೇಕು.

ಡೀಕಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳ ತೆಳು ಪದರವನ್ನು, ಕೂರಿಸುವ ಮೊದಲು ಹೊಳಪಿನ ವಾರ್ನಿಷ್ ಒಂದು ಪದರ ಹೊಡೆಯದಿದ್ದರೆ, ಒರಟು ಬಣ್ಣದ ಮೇಲೆ ಡೀಕಲ್‌ನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ತೀರ್ಪುಗಾರರ ಟಾರ್ಚಿಗೆ ಅದು ಮೊದಲು ಸಿಗುತ್ತದೆ. ಹಳೆಯದಾಗಿ ಕಾಣಿಸುವ ಕೆಲಸದಲ್ಲಿ ಇಂದಿನ ಹಲವರು ಅತಿಗೆ ಹೋಗುತ್ತಿದ್ದಾರೆ. ಕೊಳೆ, ತುಕ್ಕು, ಎಣ್ಣೆಯ ಕಲೆಗಳಿಗೆ ಪ್ರತಿಯೊಂದಕ್ಕೂ ಒಂದು ಕಾರಣವಿರಬೇಕು, ಕಾರಣ ಹೇಳಲಾಗದ ಕಲೆಯನ್ನು ಬಿಡುವುದೇ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಪೀಠ ಮತ್ತು ಕಾಗದಪತ್ರ

ಮಾದರಿಗೆ ಮರದ ಅಥವಾ ಎಂಡಿಎಫ್ ಹಲಗೆಯ ಸಣ್ಣ ಪೀಠವಿದ್ದರೆ ಮುಟ್ಟದೆಯೇ ಎತ್ತಿಡಬಹುದು. ಪೀಠದ ಗಾತ್ರಕ್ಕೆ ಮಿತಿಯಿದೆಯೇ ಎಂದು ನಿಯಮದಲ್ಲಿ ನೋಡಿಕೊಳ್ಳಿ. ಮಾದರಿಯ ಹೆಸರು, ಪ್ರಮಾಣ, ಕಿಟ್‌ನ ತಯಾರಕರು, ನೀವು ಸ್ವತಃ ಮಾಡಿದ ಬದಲಾವಣೆಗಳನ್ನು ಒಂದೇ ಪುಟದಲ್ಲಿ ಬರೆಯಬೇಕು. ದೀಪಗಳಿದ್ದರೆ ಅದನ್ನೂ, ಸ್ವಿಚ್ ಎಲ್ಲಿದೆ ಎಂಬುದನ್ನೂ ಬರೆಯಬೇಕು.

ಐದನೆಯ ಹೆಜ್ಜೆ: ಮಾದರಿಯನ್ನು ಸುರಕ್ಷಿತವಾಗಿ ಒಯ್ಯುವುದು

ಮಾದರಿಗಳು ಮುರಿಯುವುದು ಹೆಚ್ಚಾಗಿ ದಾರಿಯಲ್ಲಿ. ಹತ್ತಿ ಅಥವಾ ಬಟ್ಟೆಯಲ್ಲಿ ಸುತ್ತಬಾರದು; ಎಳೆಗಳು ಆಂಟೆನಾ, ಹಿಡಿಕಂಬಿಗಳಿಗೆ ಸಿಕ್ಕಿ ಅವನ್ನು ಕಿತ್ತುಬಿಡುತ್ತವೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯ ತಳಕ್ಕೆ ಪೀಠವನ್ನು ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಬೇಕು, ಮಾದರಿಗೆ ಸುತ್ತಲಿನ ಗೋಡೆ ಯಾವುದೂ ತಾಗಬಾರದು. ಪೀಠವಿಲ್ಲದ ವಿಮಾನವನ್ನು ಅದರ ಗಟ್ಟಿ ಜಾಗಗಳಾದ ರೆಕ್ಕೆಯ ಬುಡ ಮತ್ತು ಒಡಲಿನ ಕೆಳಭಾಗಕ್ಕೆ ಸರಿಹೊಂದುವಂತೆ ಕೊರೆದ ಫೋಮ್ ತೊಟ್ಟಿಲಲ್ಲಿ ಕೂರಿಸಬೇಕು. ಪೆಟ್ಟಿಗೆಯನ್ನು ಮನೆಯಲ್ಲಿಯೇ ಒಮ್ಮೆ ಅಲುಗಾಡಿಸಿ ನೋಡಿ.

ಬೆಂಗಳೂರಿಗೆ ಹೋಗುವುದಾದರೆ ಕೊಪ್ಪಳ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ. ರಾಯಚೂರು ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿಯೇ ಇರುವುದರಿಂದ ಅಲ್ಲಿಂದ ಮುಂಬೈ, ಬೆಂಗಳೂರು ಎರಡೂ ಕಡೆ ರೈಲಿನಲ್ಲಿ ಹೋಗಬಹುದು. ಬಸ್ಸಿನ ಕುಲುಕಾಟಕ್ಕಿಂತ ರೈಲು ಮಾದರಿಗೆ ಹಿತ. ಮೇಲಿನ ಬರ್ತ್ ಕಾಯ್ದಿರಿಸಿ ಪೆಟ್ಟಿಗೆಯನ್ನು ತಲೆಯ ಬದಿಗಿಟ್ಟುಕೊಂಡರೆ ಬೇರೆಯವರ ಸಾಮಾನು ಅದರ ಮೇಲೆ ಬೀಳುವುದಿಲ್ಲ. ಕಾರಿನಲ್ಲಿ ಹೋಗುವವರು ಊಟಕ್ಕೆ ನಿಲ್ಲಿಸಿದಾಗ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಬಿಡಬಾರದು. ಮುಚ್ಚಿದ ಕಾರಿನೊಳಗಿನ ಕಾವಿಗೆ ತೆಳುವಾದ ಪ್ಲಾಸ್ಟಿಕ್ ಭಾಗಗಳು ಬಾಗಬಹುದು. ರಿಪೇರಿಗೆಂದು ಸೂಪರ್ ಗ್ಲೂ, ಬಿಳಿ ಅಂಟು, ಚಿಮಟ, ಹಲ್ಲುಕಡ್ಡಿ, ಸಣ್ಣ ಕುಂಚ, ನೀರಿನಲ್ಲಿ ಕರಗುವ ಬಣ್ಣಗಳು ಸಾಕು. ಥಿನ್ನರ್ ಮತ್ತು ಸ್ಪ್ರೇ ಕ್ಯಾನ್‌ಗಳನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ.

ಆರನೆಯ ಹೆಜ್ಜೆ: ಸಭಾಂಗಣದಲ್ಲಿ

ನೋಂದಣಿ ಮುಗಿಯುವ ವೇಳೆಗಿಂತ ಸಾಕಷ್ಟು ಮೊದಲೇ ತಲುಪಬೇಕು, ಏಕೆಂದರೆ ದಾರಿಯಲ್ಲಿ ಬಿದ್ದುಹೋದ ಭಾಗವನ್ನು ಅಂಟಿಸಲು ಶಾಂತವಾದ ಅರ್ಧ ಗಂಟೆ ಬೇಕು. ಪಕ್ಷಪಾತಕ್ಕೆ ಎಡೆಯಾಗದಂತೆ ಹಲವು ಸ್ಪರ್ಧೆಗಳಲ್ಲಿ ಸ್ಪರ್ಧಿಯ ಹೆಸರು ತೀರ್ಪುಗಾರರಿಗೆ ಕಾಣದ ಹಾಗೆ ಅರ್ಜಿಯನ್ನು ಮಡಿಸಿಡುತ್ತಾರೆ. ಆದ್ದರಿಂದ ಮಾದರಿಯ ಮೇಲಾಗಲಿ ಪೀಠದ ಮೇಲಾಗಲಿ ನಿಮ್ಮ ಹೆಸರು ಬರೆಯಬೇಡಿ. ಯಾವ ವಿಭಾಗವೆಂದು ಅನುಮಾನವಿದ್ದರೆ ಮೇಜಿನ ಮೇಲಿಡುವ ಮೊದಲೇ ಸಂಘಟಕರನ್ನು ಕೇಳಿ. ತೀರ್ಪು ನಡೆಯುವಾಗ ಆ ಮೇಜುಗಳ ಹತ್ತಿರ ಸುಳಿಯದಿರುವುದು ಮರ್ಯಾದೆ.

ಆ ಹೊತ್ತು ವ್ಯರ್ಥವಲ್ಲ. ಪ್ರದರ್ಶನದ ಮೇಜುಗಳ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ಮಾದರಿಯನ್ನು ನಿಧಾನವಾಗಿ ನೋಡಿ. ಬೇರೆಯವರ ಮಾದರಿಯನ್ನು ಎಂದಿಗೂ ಮುಟ್ಟಬಾರದು, ಚಿತ್ರ ತೆಗೆಯುವ ಮೊದಲು ಕೇಳಬೇಕು. ಕಟ್ಟಿದವರು ಪಕ್ಕದಲ್ಲಿದ್ದರೆ ಸಂಕೋಚಪಡದೆ ಪ್ರಶ್ನೆ ಕೇಳಿ. ಈ ಹವ್ಯಾಸದವರು ತಮ್ಮ ವಿದ್ಯೆಯನ್ನು ಬಚ್ಚಿಡುವವರಲ್ಲ. ಪ್ರಾತ್ಯಕ್ಷಿಕೆಗಳಿದ್ದರೆ, ಒಬ್ಬರ ಕೈ ಏರ್‌ಬ್ರಷ್ ಹಿಡಿಯುವ ಬಗೆಯನ್ನು ಒಂದಡಿ ದೂರದಿಂದ ನೋಡುವುದು ಎಷ್ಟೋ ವಿಡಿಯೊಗಳಿಗಿಂತ ಹೆಚ್ಚು ಕಲಿಸುತ್ತದೆ. ಕೆಲವು ಮೇಳಗಳಲ್ಲಿ ಮಕ್ಕಳಿಗೆ ಸುಲಭವಾದ ಕಿಟ್ ಕೊಟ್ಟು ಅಲ್ಲಿಯೇ ಕಟ್ಟಿಸಿ ಮನೆಗೆ ಕಳುಹಿಸುವ ಮೇಜು ಇರುತ್ತದೆ. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ.

ಮಳಿಗೆಗಳಲ್ಲಿ ಹಳೆಯ ಕಿಟ್ ಕೊಳ್ಳುವಾಗ ಒಳಚೀಲ, ಪಾರದರ್ಶಕ ಭಾಗಗಳು, ಸೂಚನಾ ಪತ್ರ ಇವೆಯೇ ಎಂದು ತೆರೆದು ನೋಡಿ. ಡೀಕಲ್ ಹಳದಿಯಾಗಿದ್ದರೆ ನೀರಿಗೆ ಹಾಕಿದಾಗ ಚೂರಾಗುವ ಸಂಭವವಿದೆ.

ಏಳನೆಯ ಹೆಜ್ಜೆ: ಫಲಿತಾಂಶದ ನಂತರ

ಬಹುಮಾನ ಬರಲಿ ಬಾರದಿರಲಿ, ತೀರ್ಪುಗಾರರಲ್ಲಿ ಯಾರಾದರೂ ಬಿಡುವಾಗಿದ್ದಾಗ ನಿಮ್ಮ ಮಾದರಿಯ ಬಗ್ಗೆ ಮಾತನಾಡಬಹುದೇ ಎಂದು ವಿನಯದಿಂದ ಕೇಳಿ. ತೀರ್ಪನ್ನು ಪ್ರಶ್ನಿಸಬೇಡಿ, ‘ಮೊದಲು ಯಾವ ಲೋಪ ಕಣ್ಣಿಗೆ ಬಿತ್ತು ಸರ್?’ ಎಂದಷ್ಟೇ ಕೇಳಿದರೆ ನೇರವಾದ ಉತ್ತರ ಸಿಗುತ್ತದೆ. ಅದನ್ನು ಅಲ್ಲಿಯೇ ಬರೆದುಕೊಳ್ಳಬೇಕು, ಆ ಜಾಗದ ಹತ್ತಿರದ ಚಿತ್ರವನ್ನೂ ತೆಗೆದುಕೊಳ್ಳಬೇಕು. ಗೆದ್ದ ಮಾದರಿಯನ್ನು ಅದೇ ಸ್ಪರ್ಧೆಗೆ ಮತ್ತೆ ತರಲು ಹಲವು ಕಡೆ ಅವಕಾಶವಿಲ್ಲ, ಪ್ರದರ್ಶನಕ್ಕೆ ಮಾತ್ರ ಇಡಬಹುದು. ಗೆಲ್ಲದ ಮಾದರಿಗೆ ಸಾಮಾನ್ಯವಾಗಿ ಆ ನಿರ್ಬಂಧವಿರುವುದಿಲ್ಲ. ಊರಿಗೆ ಬಂದು ಆ ಗೆರೆಯನ್ನು ತುಂಬಿ, ಉಜ್ಜಿ, ಆ ಭಾಗಕ್ಕೆ ಮಾತ್ರ ಮತ್ತೆ ಬಣ್ಣ ಹೊಡೆದು ಮುಂದಿನ ವರ್ಷದ ಅರ್ಜಿಯಲ್ಲಿ ಅದೇ ಮಾದರಿಯನ್ನು ನಮೂದಿಸಬಹುದು.