ಸಂತೆಯ ದಿನವೇ ಗುಳಿಗೆಯ ದಿನ

ಬೆಳಿಗ್ಗೆ ಎದ್ದು ಅರ್ಧ ತಾಸಾದರೂ ಬೆರಳು ಮಡಚಲು ಬರುವುದಿಲ್ಲ, ಎರಡೂ ಕೈಯ ಗೆಣ್ಣು ಊದಿವೆ, ಆರು ವಾರವಾದರೂ ಇಳಿದಿಲ್ಲ ಎಂದರೆ ‘ವಾಯು’ ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ರುಮಟಾಯ್ಡ್ ಸಂಧಿವಾತ ಇರಬಹುದು. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಈ ರೋಗ ಇರಬಹುದು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಹಿಂದಿನ ವಿಮ್ಸ್), ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್, ಯಾವುದು ಹತ್ತಿರವೋ ಅಲ್ಲಿನ ಮೆಡಿಸಿನ್ ವಿಭಾಗಕ್ಕೆ ಹೋಗಿ.

ಅಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಮೆಥೊಟ್ರೆಕ್ಸೇಟ್. ಜನ ಎಡವುವುದು ಇಲ್ಲೇ. ಇದು ದಿನದ ಗುಳಿಗೆಯಲ್ಲ, ವಾರಕ್ಕೊಮ್ಮೆಯದು.

ನಮ್ಮ ಚಿಗವ್ವ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಔಷಧ ಅಂಗಡಿಯವರು ಪೊಟ್ಟಣದ ಮೇಲೆ ‘ರಾತ್ರಿ ಒಂದು’ ಎಂದು ಬರೆದುಕೊಟ್ಟರು. ಎಂಟು ದಿನ ತಪ್ಪದೆ ನುಂಗಿದಳು. ಬಾಯಿ ತುಂಬ ಹುಣ್ಣಾಗಿ ಗುಟುಕು ನೀರೂ ಇಳಿಯದಾಯಿತು. ದವಾಖಾನೆಗೆ ಒಯ್ದಾಗ ಬಿಳಿ ರಕ್ತಕಣ ಕುಸಿದಿದ್ದವು. ಚಿಗವ್ವ ಉಳಿದಳು, ಇದೇ ತಪ್ಪಿನಿಂದ ಜೀವ ಹೋದವರೂ ಇದ್ದಾರೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ನಿಮ್ಮೂರ ಸಂತೆ ಯಾವ ವಾರವೋ ಅದೇ ಗುಳಿಗೆಯ ವಾರ. ಓದು ಬಾರದವರಿಗೂ ಸಂತೆ ಮರೆಯುವುದಿಲ್ಲ. ಚೀಟಿಯ ಮೇಲೆ ಆ ವಾರದ ಹೆಸರನ್ನು ಡಾಕ್ಟರ ಕೈಯಲ್ಲೇ ಬರೆಸಿ. ನುಂಗಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಬಿಪಿ, ಸಕ್ಕರೆ ಗುಳಿಗೆಗಳ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ.

ಗುಳಿಗೆ ಎಣಿಸಬೇಡಿ, ಮಿಲಿಗ್ರಾಂ ಓದಿಸಿ. ಇದು 2.5, 5, 7.5, 10 ಮಿಲಿಗ್ರಾಂಗಳಲ್ಲಿ ಬರುತ್ತದೆ. ಹೋದ ತಿಂಗಳು 7.5ರ ಎರಡು ನುಂಗಿದವರು ಈ ತಿಂಗಳು ಅಂಗಡಿಯವರು ಕೊಟ್ಟ 10ರವನ್ನೂ ಎರಡೇ ನುಂಗಿದರೆ 15 ಇದ್ದದ್ದು 20 ಆಯಿತು.

ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಬಾಯಿಹುಣ್ಣು, ವಾಕರಿಕೆ ತಡೆಯಲು. ಅದನ್ನು ನುಂಗುವುದು ಸಂತೆಯ ದಿನ ಬಿಟ್ಟು ಬೇರೆ ದಿನ. ಎಷ್ಟೋ ಕಂಪನಿಗಳಲ್ಲಿ ಎರಡೂ ಸಣ್ಣ ಹಳದಿ ಗುಳಿಗೆಗಳೇ, ಅದಲುಬದಲಾಗುವುದು ಸುಲಭ. ಪಟ್ಟಿಯಿಂದ ಬಿಡಿಸಿ ಇಡಬೇಡಿ.

ಸಂತೆಯ ದಿನ ಮರೆತರೆ ಎರಡು ದಿನದೊಳಗೆ ನುಂಗಬಹುದು. ಅದೂ ದಾಟಿದರೆ ಮುಂದಿನ ಸಂತೆಯ ದಿನವೇ. ಎರಡು ವಾರದ್ದು ಸೇರಿಸಿ ಬೇಡ.

ರಕ್ತ, ಲಿವರ್ ತಪಾಸಣೆ ಡಾಕ್ಟರು ಹೇಳಿದಾಗಲೆಲ್ಲ ಮಾಡಿಸಿ. ಸೆರೆ ಕುಡಿಯುವುದು ಬಿಡಿ. ಮಗು ಬೇಕೆನ್ನುವವರು ಮೊದಲೇ ಹೇಳಿ, ಬಸಿರಿನಲ್ಲಿ ಈ ಔಷಧ ಕೂಡದು. ಬೇರೆ ಕಾಯಿಲೆಗೆ ಹೋದಾಗಲೂ ಇದರ ಹೆಸರು ಹೇಳಿ; ಕೋಟ್ರೈಮಾಕ್ಸಝೋಲ್ ಎಂಬ ಆಂಟಿಬಯಾಟಿಕ್ ಇದರ ಜೊತೆ ಅಪಾಯ. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಏದುಸಿರು ಕಂಡರೆ ಗುಳಿಗೆ ನಿಲ್ಲಿಸಿ ಅಂದೇ ದವಾಖಾನೆಗೆ ಹೋಗಿ.

ಗುಣ ಕಾಣಲು 6ರಿಂದ 12 ವಾರ ಬೇಕು. ಬೇಸತ್ತವರು ಈ ನಡುವೆಯೇ ಹೆಸರಿಲ್ಲದ ಪುಡಿಯ ಪೊಟ್ಟಣಕ್ಕೆ ಹೋಗುತ್ತಾರೆ. ಮೂರೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಶಯ ಇಟ್ಟುಕೊಳ್ಳಿ. ವರ್ಷಗಟ್ಟಲೆ ತಿಂದರೆ ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಪೊಟ್ಟಣವನ್ನು ಡಾಕ್ಟರ ಮುಂದೆ ಇಡಿ.

ಗುಣ ಕಾಣುವವರೆಗೆ ಬೆಳಿಗ್ಗೆ ಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ ಕೈ ಅದ್ದಿ, ನಿಧಾನವಾಗಿ ಮಡಚಿ ಬಿಡಿಸಿ. ರೊಟ್ಟಿ ಬಡಿಯುವ ಕೆಲಸ ಬಿಗಿ ಸಡಿಲವಾದ ಮೇಲಿರಲಿ. ಕೀಲು ಊದಿದ ದಿನಗಳಲ್ಲಿ ಮನೆಯ ಗಂಡಸರು ಬಡಿಯಲಿ.